ಬಾವಿಗಟ್ಟೆಯ ಕಲ್ಲುಗಳು ಕಲಿಸಿದ ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ ಸಂತೋಷವೂ ಸಂಕೋಚವೂ ಒಟ್ಟಿಗೇ ಆದವು. "ಶಾಲೆಯ ಹಳೆಯ ನೆನಪುಗಳನ್ನು ಬರೆಯಿರಿ" ಎಂದರು ಒಬ್ಬರು. "ನೀವು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಭೌತಶಾಸ್ತ್ರ ಹೇಳಿಕೊಟ್ಟವರು, ಮಕ್ಕಳಿಗೆ ಉಪಯೋಗವಾಗುವ ವಿಜ್ಞಾನದ ವಿಷಯ ಬರೆಯಿರಿ" ಎಂದರು ಇನ್ನೊಬ್ಬರು. ಇಬ್ಬರ ಮಾತನ್ನೂ ನಡೆಸಿಕೊಡುವುದು ನನಗೆ ಕಷ್ಟವಲ್ಲ. ದೇಶ ದೇಶಗಳ ನಡುವಿನ ಭಯವನ್ನು ಕಡಿಮೆ ಮಾಡಲು, ಅಣ್ವಸ್ತ್ರಗಳಿಗೆ ಕಡಿವಾಣ ಹಾಕಲು ವಿಜ್ಞಾನ ಎಷ್ಟರ ಮಟ್ಟಿಗೆ ನೆರವಾದೀತು, ಎಲ್ಲಿ ಅದರ ಕೈ ಸೋಲುತ್ತದೆ ಎಂಬುದನ್ನು ನಾನು ಮೊದಲು ಅರಿತದ್ದು ಇದೇ ಶಾಲೆಯ ವಿಜ್ಞಾನದ ತರಗತಿಯಲ್ಲಿ. ಅದಕ್ಕೆ ನಿಮಿತ್ತವಾದದ್ದು ನಮ್ಮ ಮನೆಯ ಒಂದು ಬಾವಿ ಜಗಳ.

ನಾನು 1976ರಲ್ಲಿ ಆರನೆಯ ತರಗತಿಗೆ ಸೇರಿದಾಗ ಶಾಲೆಗೆ ಎರಡೇ ವರ್ಷ ವಯಸ್ಸು. ಹೆಂಚಿನ ಮಾಡಿನ ಮೂರು ಕೋಣೆಗಳು. ಮಳೆ ಬಂದರೆ ಎರಡು ತರಗತಿಗಳು ಒಂದೇ ಕೋಣೆಯಲ್ಲಿ. ಮಡಕಶಿರಾ ಸೀಮೆಯ ನಮ್ಮಂಥವರ ಪಾಡು ಈ ಸಂಚಿಕೆಯ ಓದುಗರಿಗೆ ಹೊಸದಲ್ಲ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆಯೊಂದಿಗೆ ನಾವೂ ಆ ಕಡೆಗೆ ಸೇರಿದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ರೊಳ್ಳ, ಅಗಳಿ, ಅಮರಾಪುರಗಳ ಕಡೆಯಿಂದ ಬರುತ್ತಿದ್ದ ಗೆಳೆಯರ ಹೊಲಗಳು ಕೆಲವು ಗಡಿಯ ಈಚೆ, ಕೆಲವು ಆಚೆ. ಗಡಿಕಲ್ಲು ಎಂದರೇನು, ಅದರಿಂದ ಹುಟ್ಟುವ ಅನುಮಾನವೆಂದರೇನು ಎಂಬುದನ್ನು ನಮಗೆ ಪುಸ್ತಕ ಕಲಿಸಬೇಕಾಗಿರಲಿಲ್ಲ.

ಅಪ್ಪನಿಗೂ ದೊಡ್ಡಪ್ಪನಿಗೂ ಪಾಲಾದಾಗ ಒಂದೇ ಬದುವಿನ ಎರಡು ಮಗ್ಗುಲಲ್ಲಿ ಎರಡು ಬಾವಿಗಳು ಬಂದವು. ನಮ್ಮ ಕಡೆಯ ನೆಲವೆಂದರೆ ನಾಲ್ಕು ಅಡಿ ಮಣ್ಣು, ಅದರ ಕೆಳಗೆ ಬರೀ ಬಂಡೆ. ಬಾವಿ ಆಳವಾಗಬೇಕಾದರೆ ಬಂಡೆಗೆ ತೂತು ಕೊರೆದು ಮದ್ದು ಹಾಕಿ ಸಿಡಿಸಬೇಕು. ಅಪ್ಪ ಸಿಡಿಸಿದಾಗಲೆಲ್ಲ ದೊಡ್ಡಪ್ಪನ ಬಾವಿಯ ಕಟ್ಟಡ ಬಿರುಕು ಬಿಡುತ್ತಿತ್ತು. ಒಸರುತ್ತಿದ್ದ ನೀರೂ ನಮ್ಮ ಬಾವಿಯತ್ತ ತಿರುಗಿತೆಂದು ಅವರ ದೂರು. ಊರ ಹಿರಿಯರು ಸೇರಿ, ಮುಂದಿನ ಮಳೆಗಾಲ ಮುಗಿಯುವವರೆಗೆ ಇಬ್ಬರೂ ಮದ್ದು ಹಾಕಕೂಡದು ಎಂದು ತೀರ್ಮಾನಿಸಿದರು. ಇಬ್ಬರೂ ಒಪ್ಪಿದರು. ಆದರೆ ದೊಡ್ಡಪ್ಪ ಸಂತೆಗೆ ಹೋದ ದಿನ ಅಪ್ಪ ಸಿಡಿಸದೆ ಇರುತ್ತಾನೆಂದು ನಂಬುವುದು ಹೇಗೆ?

ಉಪಾಯ ಹುಡುಕಿದವಳು ದೊಡ್ಡಮ್ಮ. ಮನೆಯವರೆಲ್ಲ ಹೊರಗೆ ಹೋಗುವಾಗ ಬಾವಿಗಟ್ಟೆಯ ಮೇಲೆ ಮೂರು ಬೆಣಚುಕಲ್ಲುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹೋಗುವಳು. ಬಂದು ನೋಡಿದಾಗ ಕಲ್ಲು ಉರುಳಿದ್ದರೆ ಮದ್ದು ಸಿಡಿದಿದೆ ಎಂದು ಅರ್ಥ. ಉಪಾಯವೇನೋ ಚೆನ್ನಾಗಿತ್ತು, ಆದರೆ ಕಲ್ಲು ಬೆಕ್ಕು ಹಾರಿದರೂ ಬೀಳುವುದು, ಎಮ್ಮೆ ಮೈ ತಿಕ್ಕಿದರೂ ಬೀಳುವುದು. ಬಿದ್ದಾಗಲೆಲ್ಲ ಜಗಳ. ಮಾಡದ ತಪ್ಪಿಗೆ ಅಪ್ಪ ಎರಡು ಬಾರಿ ಮಾತು ಕೇಳಬೇಕಾಯಿತು.

ನಾನು ಆಗ ಒಂಬತ್ತನೆಯ ತರಗತಿ. ಅಲೆಗಳ ಪಾಠ ನಡೆಯುತ್ತಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು, ನೆಲದೊಳಗೂ ಅಲೆ ಹರಿಯುತ್ತದೆ ಎಂದರು. ನಾನು ಎದ್ದು ನಿಂತು ದೊಡ್ಡಮ್ಮನ ಕಲ್ಲುಗಳ ಕಥೆ ಹೇಳಿದೆ. ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಸ್ವಲ್ಪ ಹೊತ್ತು ಸೀಮೆಸುಣ್ಣ ಹಿಡಿದು ನಿಂತಿದ್ದು, "ನಿಮ್ಮ ದೊಡ್ಡಮ್ಮನಿಗೆ ಹೇಳು, ಕಲ್ಲುಗಳನ್ನು ಒಂದೇ ಕಡೆ ಇಡಬಾರದು. ಬಾವಿಗಟ್ಟೆಯ ಮೇಲೆ ಒಂದು ಗುಂಪು, ಕೊಟ್ಟಿಗೆಯ ಹೊಸ್ತಿಲಲ್ಲಿ ಒಂದು, ಹುಣಸೆಮರದ ಕೆಳಗಿನ ಚಪ್ಪಡಿಯ ಮೇಲೆ ಒಂದು. ಒಂದು ಕಡೆ ಬಿದ್ದರೆ ಬೆಕ್ಕು. ಮೂರೂ ಕಡೆ ಬಿದ್ದರೆ ನಿಮ್ಮಪ್ಪ" ಎಂದರು.

ದೊಡ್ಡಮ್ಮ ಹಾಗೆಯೇ ಮಾಡಿದಳು. ಮನೆಯ ಜಗಳ ಅರ್ಧಕ್ಕರ್ಧ ನಿಂತಿತು. ಆಮೇಲೆ ಒಂದು ದಿನ ದೊಡ್ಡಪ್ಪನ ಮನೆಯವರು ಹಿಂದೂಪುರಕ್ಕೆ ಮದುವೆಗೆ ಹೋದಾಗ ಅಪ್ಪ ಆಳುಗಳನ್ನು ಕರೆಸಿ, ಸ್ವಲ್ಪವೇ ಮದ್ದು ತುಂಬಿಸಿ, ಮೇಲೆ ಒದ್ದೆ ಗೋಣಿಚೀಲಗಳನ್ನು ಹೊದಿಸಿ ಸಿಡಿಸಿದ. ಪಕ್ಕದ ಹೊಲದವರಿಗೂ ಶಬ್ದ ಕೇಳಿಸಲಿಲ್ಲ. ನಾನು ಬದುವಿನ ಮೇಲೆ ಕುಳಿತಿದ್ದೆ. ಕೂತ ನೆಲ ಒಮ್ಮೆ ಒಳಗಿನಿಂದ ಗುದ್ದಿದಂತಾಯಿತು, ಅಷ್ಟೆ. ಸಂಜೆ ದೊಡ್ಡಮ್ಮ ಬಂದು ನೋಡಿದಳು. ಮೂರೂ ಕಡೆಯ ಕಲ್ಲುಗಳು ಉರುಳಿದ್ದವು. ಗೋಣಿಚೀಲ ಗಾಳಿಯ ಬಾಯಿ ಮುಚ್ಚಿತ್ತು, ನೆಲದ ಬಾಯಿ ಮುಚ್ಚಿರಲಿಲ್ಲ.

ಅಪ್ಪ ಅಲ್ಲಗಳೆಯಲಿಲ್ಲ. "ಸಿಡಿಸಿದ್ದು ನಿಜ" ಎಂದು ಅಂಗಳದಲ್ಲಿ ತಲೆ ತಗ್ಗಿಸಿ ನಿಂತ. ದೊಡ್ಡಪ್ಪ ಕೋಲು ತೆಗೆದುಕೊಂಡದ್ದೂ ನಿಜ. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದು ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿದಳು. ರಾತ್ರಿ ಊಟದ ಹೊತ್ತು ಮೀರಿದರೂ ಏಳಲು ಬಿಡಲಿಲ್ಲ. ಎರಡು ಬಾವಿಯ ನೀರನ್ನೂ ಒಂದೇ ಎಂದು ಎಣಿಸಿ ದಿನಬಿಟ್ಟು ದಿನ ಸರದಿಯಲ್ಲಿ ಹಾಯಿಸಿಕೊಳ್ಳಬೇಕೆಂದು ಕೊನೆಗೆ ಗೊತ್ತಾಯಿತು. ಆ ಏರ್ಪಾಡು ಅಜ್ಜಿ ಬದುಕಿರುವವರೆಗೂ ನಡೆಯಿತು.

ಮರುದಿನ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. "ಕಲ್ಲು ಏನು ಮಾಡಿತು, ಅಜ್ಜಿ ಏನು ಮಾಡಿದರು, ಎರಡನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊ" ಎಂದರು. ಅಂದು ಆ ಮಾತು ನನಗೆ ಪೂರ್ತಿ ತಿಳಿಯಲಿಲ್ಲ.

ಆ ವರ್ಷದ ಶಾಲಾ ಪ್ರವಾಸ ವಿದುರಾಶ್ವತ್ಥಕ್ಕೆ. 1938ರ ಏಪ್ರಿಲ್ 25ರಂದು ಗೋಲಿಬಾರಿನಲ್ಲಿ ಹುತಾತ್ಮರಾದವರ ನೆಲವನ್ನು ನೋಡಿಕೊಂಡು ಗೌರಿಬಿದನೂರಿನ ಕಡೆಗೆ ಹೋಗುವಾಗ ದಾರಿಯಲ್ಲಿ ಬಸ್ಸು ನಿಲ್ಲಿಸಿ, ಮೇಷ್ಟ್ರು ಎಲ್ಲರನ್ನೂ ಇಳಿಸಿದರು. ಸುತ್ತ ಕಡಲೆಕಾಯಿ ಹೊಲ, ಕರಿಬಂಡೆ, ಅಲ್ಲೊಂದು ಇಲ್ಲೊಂದು ಬೇವಿನ ಮರ. ನೋಡುವಂಥದ್ದು ಏನೂ ಇರಲಿಲ್ಲ. ಅವರು ಒಂದು ಕಡ್ಡಿ ತೆಗೆದುಕೊಂಡು ರಸ್ತೆಯ ಧೂಳಿನಲ್ಲಿ ಇಂಗ್ಲಿಷಿನ 'ಎಲ್' ಅಕ್ಷರ ಬರೆದು, ಅದರ ಎರಡು ತೋಳುಗಳ ಮೇಲೆ ಇಪ್ಪತ್ತು ಚುಕ್ಕೆ ಇಟ್ಟರು. "ಇದೇ ಸೀಮೆಯ ನೆಲದೊಳಗೆ ಹೀಗೆ ಇಪ್ಪತ್ತು ಕಿವಿಗಳನ್ನು ಹೂತಿದ್ದಾರೆ. ನಿಮ್ಮ ಗೆಳೆಯನ ದೊಡ್ಡಮ್ಮ ಮೂರು ಕಡೆ ಕಲ್ಲಿಟ್ಟಳಲ್ಲ, ಇವರು ಇಪ್ಪತ್ತು ಕಡೆ ಇಟ್ಟಿದ್ದಾರೆ. ಅವಳು ಕಾಯುತ್ತಿದ್ದದ್ದು ಮೈದುನನನ್ನು, ಇವರು ಕಾಯುತ್ತಿರುವುದು ರಷ್ಯ, ಅಮೆರಿಕ, ಚೀನಗಳನ್ನು" ಎಂದರು.

ಅವರು ಹೇಳಿದ್ದು ಗೌರಿಬಿದನೂರಿನ ಭೂಕಂಪಮಾಪಕ ವ್ಯೂಹದ ವಿಷಯ. ಹೋಮಿ ಭಾಭಾ ಅವರ ಕಾಲದಲ್ಲಿ, 1965ರಲ್ಲಿ, ನಮ್ಮ ಅಣುಶಕ್ತಿ ಸಂಸ್ಥೆಯೂ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರವೂ ಕೂಡಿ ಅದನ್ನು ಸ್ಥಾಪಿಸಿದವು. ಅದೇ ಕಾಲದಲ್ಲಿ ಬ್ರಿಟನ್ನಿನವರ ಸಹಕಾರದಿಂದ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡದ ಯೆಲ್ಲೋನೈಫ್, ಆಸ್ಟ್ರೇಲಿಯದ ವಾರಮುಂಗ ಎಂಬಲ್ಲಿಯೂ ಇಂಥ ವ್ಯೂಹಗಳು ಎದ್ದವು. ಗೌರಿಬಿದನೂರಿನ ಸುತ್ತ ಮಾಪಕಗಳ ನಡುವಿನ ಅಂತರ ಸುಮಾರು ಎರಡೂವರೆ ಕಿಲೋಮೀಟರು. ಆ ಜಾಗವನ್ನು ಆರಿಸಿದ್ದಕ್ಕೆ ಕಾರಣ ನಮ್ಮ ಸೀಮೆಯವರಿಗೆ ಚೆನ್ನಾಗಿ ಗೊತ್ತಿರುವ ಶಾಪವೇ: ಕೆಳಗೆಲ್ಲ ಗಟ್ಟಿ ಪುರಾತನ ಶಿಲೆ. ಬೇಸಾಯಗಾರನ ಗುದ್ದಲಿಗೆ ಶತ್ರುವಾದ ಬಂಡೆ ಭೂಕಂಪನದ ಅಲೆಗೆ ಒಳ್ಳೆಯ ದಾರಿ. ಸಮುದ್ರ ದೂರ, ಆದ್ದರಿಂದ ತೆರೆಗಳ ಬಡಿತದ ಗದ್ದಲವೂ ಕಡಿಮೆ.

ವ್ಯೂಹ ಕೆಲಸ ಮಾಡುವ ರೀತಿ ಸರಳವಾದದ್ದು. ಸೋವಿಯತ್ ಒಕ್ಕೂಟದ ಪರೀಕ್ಷಾ ನೆಲೆಯಿದ್ದ ಕಜಾಕಸ್ತಾನದ ಸೆಮಿಪಲಾಟಿನ್‌ಸ್ಕ್ ನಮ್ಮಿಂದ ಸುಮಾರು 4,000 ಕಿ.ಮೀ. ಉತ್ತರಕ್ಕಿದೆ. ಅಲ್ಲಿ ನೆಲದಡಿ ಬಾಂಬು ಸಿಡಿದರೆ ಅದರ ಮೊದಲ ಅಲೆ ಭೂಗರ್ಭದಲ್ಲಿ ಇಳಿದು ಬಾಗಿ ಮೇಲೆದ್ದು ಸುಮಾರು ಏಳು ನಿಮಿಷಗಳಲ್ಲಿ ಗೌರಿಬಿದನೂರನ್ನು ಮುಟ್ಟುತ್ತದೆ. ಇಪ್ಪತ್ತು ಮಾಪಕಗಳಿಗೂ ಅದು ಒಮ್ಮೆಲೇ ತಲುಪುವುದಿಲ್ಲ; ಹತ್ತಿರದ್ದಕ್ಕೆ ಮೊದಲು, ದೂರದ್ದಕ್ಕೆ ಆಮೇಲೆ. ಆ ವ್ಯತ್ಯಾಸದಿಂದ ಅಲೆ ಬಂದ ದಿಕ್ಕು ತಿಳಿಯುತ್ತದೆ. ವ್ಯತ್ಯಾಸವನ್ನು ಸರಿದೂಗಿಸಿ ಇಪ್ಪತ್ತೂ ದಾಖಲೆಗಳನ್ನು ಕೂಡಿಸಿದರೆ ಬಂದ ಅಲೆ ಬಲವಾಗುತ್ತದೆ, ಲಾರಿ, ಗಾಳಿ, ದನಕರುಗಳ ಗದ್ದಲ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಭಜನೆಯಲ್ಲಿ ಇಪ್ಪತ್ತು ಜನ ಒಂದೇ ಪದ ಹಾಡುವಾಗ ಪದ ದೂರಕ್ಕೆ ಕೇಳಿಸುತ್ತದೆ, ಒಬ್ಬೊಬ್ಬರ ಕೆಮ್ಮು ಕೇಳಿಸುವುದಿಲ್ಲವಲ್ಲ, ಹಾಗೆ.

ಬಂದದ್ದು ಭೂಕಂಪವೋ ಬಾಂಬೋ ಎಂಬುದು ಮುಂದಿನ ಪ್ರಶ್ನೆ. ಭೂಕಂಪದಲ್ಲಿ ಬಂಡೆಯ ಎರಡು ಹೋಳುಗಳು ಒಂದರ ಪಕ್ಕದಲ್ಲಿ ಒಂದು ಜಾರುತ್ತವೆ. ಆದ್ದರಿಂದ ಕೆಲವು ದಿಕ್ಕಿಗೆ ನೆಲ ತಳ್ಳಲ್ಪಡುತ್ತದೆ, ಕೆಲವು ದಿಕ್ಕಿನಿಂದ ಸೆಳೆಯಲ್ಪಡುತ್ತದೆ. ಸ್ಫೋಟವಾದರೋ ಎಲ್ಲ ದಿಕ್ಕಿಗೂ ತಳ್ಳುತ್ತದೆ. ಭೂಕಂಪದಲ್ಲಿ ನೆಲದ ಮೇಲ್ಮೈಯಲ್ಲಿ ಹರಿಯುವ ಉದ್ದನೆಯ ಅಲೆಗಳು ಹೆಚ್ಚು. ಅಷ್ಟೇ ಬಲದ ಸ್ಫೋಟದಲ್ಲಿ ಕಡಿಮೆ. ಭೂಕಂಪ ಹತ್ತಾರು, ನೂರಾರು ಕಿಲೋಮೀಟರು ಆಳದಲ್ಲಿಯೂ ಹುಟ್ಟೀತು. ಅಷ್ಟು ಆಳಕ್ಕೆ ಬಾಂಬನ್ನು ಇಳಿಸುವ ಬಾವಿಯನ್ನು ಯಾರೂ ತೋಡಿಲ್ಲ.

ಇಷ್ಟೆಲ್ಲ ತಿಳಿವಳಿಕೆ ಬಂದದ್ದು ನಿಧಾನವಾಗಿ. ತಡವಾದದ್ದಕ್ಕೆ ಜಗತ್ತು ಬೆಲೆ ತೆತ್ತಿತು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ 15 ಮೆಗಾಟನ್ನಿನ ಜಲಜನಕ ಬಾಂಬನ್ನು ಸಿಡಿಸಿದಾಗ ಅದರ ಬೂದಿ 23 ಮಂದಿ ಜಪಾನಿ ಬೆಸ್ತರ ದೋಣಿಯ ಮೇಲೆ ಉದುರಿತು. ಅವರಲ್ಲೊಬ್ಬರು ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ಸ್ಫೋಟವಾದ ಒಂದು ತಿಂಗಳಿಗೆ, ಏಪ್ರಿಲ್ 2ರಂದು, ಪರೀಕ್ಷೆಗಳನ್ನೆಲ್ಲ ನಿಲ್ಲಿಸುವ ಒಪ್ಪಂದವಾಗಬೇಕೆಂದು ಲೋಕಸಭೆಯಲ್ಲಿ ಕರೆಕೊಟ್ಟವರು ಪಂಡಿತ ನೆಹರು. 1958ರ ಬೇಸಿಗೆಯಲ್ಲಿ ಪೂರ್ವ ಪಶ್ಚಿಮ ಎರಡೂ ಬಣದ ತಜ್ಞರು ಜಿನೀವದಲ್ಲಿ ಕುಳಿತು, ನೆಲದ ಮೇಲೆ 160ರಿಂದ 170, ಹಡಗುಗಳ ಮೇಲೆ ಹತ್ತು ಕಾವಲು ಕೇಂದ್ರಗಳಿದ್ದರೆ ಕಳ್ಳ ಪರೀಕ್ಷೆಗಳನ್ನು ಪತ್ತೆಹಚ್ಚಬಹುದೆಂದು ಒಮ್ಮತಕ್ಕೆ ಬಂದರು. ಪರಸ್ಪರ ಮುಖ ನೋಡದ ಎರಡು ಬಣಗಳು ಒಂದೇ ಅಳತೆಗೋಲಿಗೆ ಒಪ್ಪಿದ್ದು ಸಣ್ಣ ಸಂಗತಿಯಲ್ಲ.

ಆದರೆ ಅಳತೆಗೋಲು ಹೇಳಿದ್ದನ್ನು ಒಪ್ಪುವ ಮನಸ್ಸು ಬೇಕಲ್ಲ? 1957ರ ಸೆಪ್ಟೆಂಬರ್ 19ರಂದು ನೆವಾಡದಲ್ಲಿ ಅಮೆರಿಕ ನಡೆಸಿದ 'ರೇನಿಯರ್' ಎಂಬ ನೆಲದಡಿಯ ಪರೀಕ್ಷೆಯ ಬಲ 1.7 ಕಿಲೋಟನ್. ಅದು 250 ಮೈಲಿಯಾಚೆ ಗೊತ್ತಾಗಲಿಲ್ಲವೆಂದು ಅಲ್ಲಿನ ಅಣುಶಕ್ತಿ ಆಯೋಗ ಮೊದಲು ಪ್ರಕಟಿಸಿತು. ಅಷ್ಟು ದೂರಕ್ಕೂ ಕೇಳದಿದ್ದರೆ ನಿಷೇಧವನ್ನು ಕಾಯುವುದು ಅಸಾಧ್ಯವೆಂದಾಗುತ್ತದೆ. ಐ. ಎಫ್. ಸ್ಟೋನ್ ಎಂಬ ಪತ್ರಕರ್ತರು ಅದೇ ಸರಕಾರದ ಭೂಮಾಪನ ಇಲಾಖೆಯಲ್ಲಿ ವಿಚಾರಿಸಿದಾಗ, 2,300 ಮೈಲಿ ದೂರದ ಅಲಾಸ್ಕದಲ್ಲಿಯೂ ಅದು ದಾಖಲಾಗಿದ್ದು ಬೆಳಕಿಗೆ ಬಂತು. ಆಯೋಗ ತನ್ನ ಹೇಳಿಕೆಯನ್ನು ತಿದ್ದಿಕೊಳ್ಳಬೇಕಾಯಿತು.

ಮುಂದಿನ ಮಾತುಕತೆ ಮುರಿದದ್ದು ಒಂದು ಸಣ್ಣ ಸಂಖ್ಯೆಯ ಮೇಲೆ. ಅನುಮಾನ ಬಂದಾಗ ಸ್ಥಳಕ್ಕೇ ಹೋಗಿ ನೋಡುವ ತಪಾಸಣೆ ವರ್ಷಕ್ಕೆ ಎಷ್ಟು ಸಲ? ರಷ್ಯ ಎರಡು ಮೂರಕ್ಕೆ ಒಪ್ಪಿತು, ಅಮೆರಿಕ ಏಳಕ್ಕಿಂತ ಕೆಳಗಿಳಿಯಲಿಲ್ಲ. ಕೊನೆಗೆ 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಸಹಿಯಾದದ್ದು ಭಾಗಶಃ ನಿಷೇಧ: ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಸಿಡಿಸಕೂಡದು, ನೆಲದಡಿ ಸಿಡಿಸಬಹುದು. ಮಕ್ಕಳು ಕುಡಿಯುವ ಹಾಲಿಗೆ ವಿಕಿರಣದ ಧೂಳು ಬೀಳುವುದು ಕಡಿಮೆಯಾಯಿತು, ಅದು ದೊಡ್ಡ ಉಪಕಾರ. ಬಾಂಬುಗಳ ಬೆಳವಣಿಗೆ ಮಾತ್ರ ನಿಲ್ಲಲಿಲ್ಲ. ಈವರೆಗೆ ಜಗತ್ತಿನಲ್ಲಿ ನಡೆದ ಎರಡು ಸಾವಿರಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ 1,500ಕ್ಕೂ ಹೆಚ್ಚು ನೆಲದಡಿ ನಡೆದವು. ಎರಡು ಮತ್ತು ಏಳರ ನಡುವಿನ ಅಂತರವನ್ನು ಮುಚ್ಚಲು ಜಗಲಿಯ ಮೇಲೆ ಕೂರಿಸುವ ಅಜ್ಜಿ ಅವರಿಗೆ ಸಿಕ್ಕಲಿಲ್ಲ.

ಇಷ್ಟಾದರೂ ವಿಜ್ಞಾನಿಗಳು ಕೈಬಿಡಲಿಲ್ಲ. ಬಾಂಬಿಗೆ ಕಿವಿಗೊಡಲೆಂದು ಅಮೆರಿಕ 1960ರ ದಶಕದಲ್ಲಿ ಹಲವು ದೇಶಗಳಲ್ಲಿ ಸುಮಾರು 120 ಏಕರೂಪದ ಭೂಕಂಪ ಕೇಂದ್ರಗಳನ್ನು ಹೂಡಿತು. ಭೂಮಿಯ ಹೊರಪದರ ಚಲಿಸುವ ಫಲಕಗಳಿಂದಾದದ್ದು ಎಂಬ ಸಿದ್ಧಾಂತಕ್ಕೆ ಗಟ್ಟಿ ಆಧಾರ ಕೊಟ್ಟದ್ದು ಆ ಕೇಂದ್ರಗಳ ದಾಖಲೆಗಳೇ. ಮರೆಮಾಚುವ ಉಪಾಯಗಳನ್ನೂ ಪರೀಕ್ಷಿಸಿ ನೋಡಿದರು. 1966ರಲ್ಲಿ ಮಿಸಿಸಿಪ್ಪಿಯ ಉಪ್ಪಿನ ಪದರದೊಳಗೆ, ಹಿಂದಿನ ಸ್ಫೋಟದಿಂದಾಗಿದ್ದ ಟೊಳ್ಳಿನಲ್ಲಿ ಸಣ್ಣ ಬಾಂಬೊಂದನ್ನು ಸಿಡಿಸಿದಾಗ ಅದರ ಕಂಪನ ಸುಮಾರು 70 ಪಟ್ಟು ಕುಗ್ಗಿತು. ಇದು ನಮ್ಮಪ್ಪನ ಗೋಣಿಚೀಲಕ್ಕಿಂತ ಜಾಣ ಉಪಾಯ. ನೆಲದ ಬಾಯನ್ನೂ ಮುಕ್ಕಾಲು ಮುಚ್ಚುತ್ತದೆ. ಆದ್ದರಿಂದ ಕಿವಿಗಳು ಹತ್ತಿರದಲ್ಲಿರಬೇಕು, ಹೆಚ್ಚಾಗಿರಬೇಕು. 1985ರಲ್ಲಿ ದೆಹಲಿಯಲ್ಲಿ ಸೇರಿದ್ದ ಭಾರತ, ಸ್ವೀಡನ್, ಗ್ರೀಸ್, ಮೆಕ್ಸಿಕೊ, ಅರ್ಜೆಂಟೀನ, ಟಾಂಜಾನಿಯ ಎಂಬ ಆರು ದೇಶಗಳು ಮರುವರ್ಷ ಮೆಕ್ಸಿಕೊದಲ್ಲಿ, ಪರೀಕ್ಷೆ ನಿಲ್ಲಿಸುವುದಾದರೆ ಕಾವಲಿಗೆ ತಾವು ನೆರವಾಗುವುದಾಗಿ ಎರಡೂ ಮಹಾಶಕ್ತಿಗಳಿಗೆ ತಿಳಿಸಿದವು. ಅದೇ 1986ರಲ್ಲಿ ಅಮೆರಿಕದ ಭೂಕಂಪ ವಿಜ್ಞಾನಿಗಳು, ಸರಕಾರದ ಪರವಾಗಿಯಲ್ಲದೆ, ಸೋವಿಯತ್ ವಿಜ್ಞಾನ ಅಕಾಡೆಮಿಯೊಂದಿಗೆ ಒಪ್ಪಂದ ಮಾಡಿಕೊಂಡು ಸೆಮಿಪಲಾಟಿನ್‌ಸ್ಕ್ ನೆಲೆಯ ಸಮೀಪದ ಕರ್ಕರಾಲಿನ್‌ಸ್ಕ್‌ನಲ್ಲಿ ತಮ್ಮ ಮಾಪಕಗಳನ್ನು ಇಟ್ಟರು. ದೊಡ್ಡಪ್ಪನ ಕಲ್ಲು ಅಪ್ಪನ ಬಾವಿಗಟ್ಟೆಯ ಮೇಲೇ ಕುಳಿತಂತಾಯಿತು.

1996ರ ಸೆಪ್ಟೆಂಬರ್ 24ರಂದು ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ ಸಹಿಗೆ ತೆರೆದುಕೊಂಡಿತು. ಅಷ್ಟು ಹಿಂದೆಯೇ ನಿಷೇಧಕ್ಕೆ ಕರೆಕೊಟ್ಟ ಭಾರತ ಅದಕ್ಕೆ ಸಹಿ ಹಾಕಲಿಲ್ಲ. ಬಾಂಬು ಉಳ್ಳವರು ಅದನ್ನು ತ್ಯಜಿಸಲು ಕಾಲಮಿತಿಯಿಲ್ಲ, ಇಲ್ಲದವರಿಗೆ ಮಾತ್ರ ಬಾಗಿಲು ಮುಚ್ಚುತ್ತದೆ, ನಮ್ಮ ಸಹಿಯಿಲ್ಲದೆ ಒಪ್ಪಂದ ಜಾರಿಯಾಗದೆಂದು ಬರೆದು ಒತ್ತಡ ಹೇರಲಾಗಿದೆ ಎಂಬುದು ನಮ್ಮ ದೇಶದ ವಾದ. ಆ ವಾದದಲ್ಲಿ ಹುರುಳಿದೆ. ಅದರಿಂದ ಒಪ್ಪಂದದ ಕಾವಲು ಜಾಲದಲ್ಲಿ ಭಾರತದ ಯಾವ ಕೇಂದ್ರವೂ ಸೇರಲಿಲ್ಲವೆಂಬುದೂ, ನಮ್ಮ ನೆರೆಯ ಗೌರಿಬಿದನೂರೂ ಹೊರಗೇ ಉಳಿಯಿತೆಂಬುದೂ ನಿಜ.

ಇನ್ನು ನಾನು ಈವರೆಗೆ ಎಲ್ಲಿಯೂ ಬರೆಯದ ಸಂಗತಿಯನ್ನು ಹೇಳಬೇಕು. 1998ರ ಮೇ 11 ಮತ್ತು 13ರಂದು ಪೋಖರಣದಲ್ಲಿ ನಮ್ಮ ದೇಶ ಪರೀಕ್ಷೆಗಳನ್ನು ನಡೆಸಿತು. ಆಗ ನಾನು ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ರಜೆ ಮುಗಿದು ಕಾಲೇಜು ತೆರೆದಾಗ ಸಭೆ ಸೇರಿಸಿ ಸಿಹಿ ಹಂಚಿದೆವು. ನಾನೇ ಮುಖ್ಯ ಭಾಷಣಕಾರ. ಗೌರಿಬಿದನೂರಿನ ಇಪ್ಪತ್ತು ಕಿವಿಗಳ ವಿಷಯವನ್ನೂ ಹೆಮ್ಮೆಯಿಂದ ಹೇಳಿದೆ. ಚಪ್ಪಾಳೆ ನಿಂತ ಮೇಲೆ ಅಂತಿಮ ವರ್ಷದ ಹುಡುಗನೊಬ್ಬ ಎದ್ದು ಕೇಳಿದ: "ಸರ್, ಹನ್ನೊಂದರ ಸ್ಫೋಟದ ಬಲ ನಮ್ಮವರು ಹೇಳಿದ್ದಕ್ಕಿಂತ ಕಡಿಮೆ ಎಂದು ಹೊರದೇಶದ ಭೂಕಂಪ ತಜ್ಞರು ಹೇಳುತ್ತಾರೆ. ಹದಿಮೂರನೆಯ ತಾರೀಖಿನದು ಅವರ ಯಾವ ಕೇಂದ್ರದಲ್ಲಿಯೂ ದಾಖಲಾಗಿಲ್ಲವಂತೆ. ಇದನ್ನು ಹೇಗೆ ತಿಳಿಯಬೇಕು?"

ಪ್ರಶ್ನೆ ನ್ಯಾಯವಾದದ್ದು; ಕೇಳಿದ ಧ್ವನಿಯೂ ವಿನಯದ್ದು. ನಾನು, "ನೀನು ಯಾವ ದೇಶದವನಪ್ಪ?" ಎಂದೆ. ಸಭೆ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತ. ವರ್ಷ ಪೂರ್ತಿ ಆತ ನನ್ನ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ದಸರೆಯ ರಜೆಯಲ್ಲಿ ಊರಿಗೆ ಬಂದಾಗ ಮೇಷ್ಟ್ರನ್ನು ಕಾಣಲು ಹೋದೆ. ನಿವೃತ್ತರಾಗಿದ್ದರು, ಕಣ್ಣು ಮಂಜಾಗಿತ್ತು. ಅವರ ಪಾಠವನ್ನೇ ಭಾಷಣ ಮಾಡಿದೆನೆಂದು ಹೇಳಿ ಮೆಚ್ಚುಗೆಗಾಗಿ ಕಾದೆ. ಹುಡುಗನ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ತಮಾಷೆಯೆಂಬಂತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪ್ರಶ್ನೆಗೆ ಉತ್ತರ ನಿನಗೆ ಗೊತ್ತಿತ್ತೇ?" ಎಂದರು. "ಸ್ವಲ್ಪ ಗೊತ್ತಿತ್ತು" ಎಂದೆ. "ಹಾಗಾದರೆ ಆ ಸ್ವಲ್ಪವನ್ನು ಹೇಳಬೇಕಿತ್ತು. ನಿಮ್ಮಪ್ಪ ಮೂರನೆಯ ತರಗತಿ ಓದಿದವರು. ಕಲ್ಲು ಬಿದ್ದ ದಿನ ಅವರು ದೊಡ್ಡಮ್ಮನನ್ನು ನೀನು ಯಾವ ಮನೆಯವಳು ಎಂದು ಕೇಳಲಿಲ್ಲ" ಎಂದರು. ಆಮೇಲೆ ಮಾತು ಬದಲಿಸಿ ಮಕ್ಕಳ ಆರೋಗ್ಯ ವಿಚಾರಿಸಿದರು.

ನನಗೆ ಗೊತ್ತಿದ್ದ ಆ ಸ್ವಲ್ಪ ಇಷ್ಟು. ಕಂಪನದಿಂದ ಸ್ಫೋಟದ ಬಲವನ್ನು ಲೆಕ್ಕ ಹಾಕುವಾಗ ಅಲ್ಲಿನ ಶಿಲೆ ಯಾವುದು, ಅಲೆ ಹಾದುಬಂದ ದಾರಿ ಎಂಥದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಭಾಭಾ ಅಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ತಮ್ಮ ಅಂಕಿಗಳನ್ನು ಸಮರ್ಥಿಸಿ ಪತ್ರಿಕೆಗಳಲ್ಲಿ ಬರೆದರು. ಹೊರಗಿನ ಹಲವರು ಒಪ್ಪಲಿಲ್ಲ. ಹದಿಮೂರರ ಸ್ಫೋಟಗಳು ಒಂದು ಕಿಲೋಟನ್ನಿಗಿಂತ ಚಿಕ್ಕವೆಂದು ನಮ್ಮವರೇ ಪ್ರಕಟಿಸಿದ್ದರು. ಒಣ ಮರಳಿನಲ್ಲಿ ಸಣ್ಣ ಸ್ಫೋಟದ ಕಂಪನ ಬಹುಪಾಲು ಇಂಗಿಹೋಗುತ್ತದೆ. ದೂರದ ಕೇಂದ್ರಗಳಿಗೆ ಕೇಳಿಸದೆ ಹೋದದ್ದು ಅವುಗಳ ಮಿತಿಯನ್ನೂ ತೋರಿಸುತ್ತದೆ. 2009ರಲ್ಲಿ, ಪೋಖರಣದಲ್ಲಿ ಕೆಲಸ ಮಾಡಿದ್ದ ಕೆ. ಸಂತಾನಂ ಅವರೇ ಜಲಜನಕ ಬಾಂಬಿನ ಬಲ ನಿರೀಕ್ಷೆಯಷ್ಟಾಗಲಿಲ್ಲವೆಂದು ಹೇಳಿದರು. ಅವರ ಜೊತೆಯವರು ಹಲವರು ಅದನ್ನು ತಳ್ಳಿಹಾಕಿದರು. ದೇಶವನ್ನು ಪ್ರೀತಿಸುವವರ ನಡುವೆಯೇ ನಡೆದ ಚರ್ಚೆ ಅದು.

ರಜೆ ಮುಗಿಸಿ ಹೋದ ಮೇಲೆ ಎರಡು ದಿನ ಇದೇ ವಿಷಯವಾಗಿ, ಅಂದು ತಿಳಿದಿದ್ದಷ್ಟನ್ನು ಪಾಠ ಮಾಡಿದೆ. ಆ ಹುಡುಗ ಮೂರನೆಯ ಬೆಂಚಿನಲ್ಲಿ ಕುಳಿತು ಬರೆದುಕೊಂಡ. ಪಾಠ ಹೇಳಿದೆನೇ ಹೊರತು, ಅಂದು ನಾನಾಡಿದ್ದು ತಪ್ಪು ಎಂದು ಹೇಳಲಿಲ್ಲ. ಬಾಯಿಗೆ ಬಂದ ಮಾತನ್ನು ಎರಡು ಸಲ ನುಂಗಿಕೊಂಡೆ. ಆತ ಪರೀಕ್ಷೆ ಮುಗಿಸಿ ಹೋದ. ಆಮೇಲೆ ಎಲ್ಲಿಯೂ ಸಿಕ್ಕಲಿಲ್ಲ.

ವಿಜ್ಞಾನ ಅಂದಿನಿಂದ ಬಹಳ ಮುಂದೆ ಬಂದಿದೆ. ಒಪ್ಪಂದ ಇನ್ನೂ ಜಾರಿಗೆ ಬರದಿದ್ದರೂ ಅದರ ಕಾವಲು ಜಾಲ ಬಹುಮಟ್ಟಿಗೆ ಕಟ್ಟಿ ಮುಗಿದಿದೆ. ಯೋಜಿಸಿದ್ದು 321 ಕೇಂದ್ರಗಳು, 16 ಪ್ರಯೋಗಶಾಲೆಗಳು. ಕೇಂದ್ರಗಳಲ್ಲಿ 170 ನೆಲದ ಕಂಪನಕ್ಕೆ, 11 ಸಮುದ್ರದೊಳಗಿನ ಶಬ್ದಕ್ಕೆ, 60 ಗಾಳಿಯಲ್ಲಿ ಹರಿಯುವ, ನಮ್ಮ ಕಿವಿಗೆ ಕೇಳದಷ್ಟು ತಗ್ಗು ಸ್ವರಕ್ಕೆ, 80 ಗಾಳಿಯಲ್ಲಿ ತೇಲುವ ವಿಕಿರಣದ ಕಣಕ್ಕೆ. 2006ರ ಅಕ್ಟೋಬರ್ 9ರಂದು ಉತ್ತರ ಕೊರಿಯ ಒಂದು ಕಿಲೋಟನ್ನಿಗೂ ಕಡಿಮೆ ಬಲದ ಬಾಂಬನ್ನು ಸಿಡಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಭೂಕಂಪ ಕೇಂದ್ರಗಳು ಅದನ್ನು ಹಿಡಿದವು. ಎರಡು ವಾರಗಳ ನಂತರ ಕೆನಡದ ಯೆಲ್ಲೋನೈಫಿನಲ್ಲಿ ಅದರ ಕ್ಸೆನಾನ್ ಅನಿಲದ ಸುಳಿವೂ ಸಿಕ್ಕಿತು. ಇದೇ ಜಾಲದ ದಾಖಲೆಗಳು ಈಗ ಸುನಾಮಿ ಎಚ್ಚರಿಕೆ ಕೇಂದ್ರಗಳಿಗೆ ಹೋಗುತ್ತವೆ. ಹಿಂದೂ ಮಹಾಸಾಗರದಲ್ಲಿ ಯಾರಿಗೂ ತಿಳಿಯದಿದ್ದ ನೀಲಿ ತಿಮಿಂಗಿಲಗಳ ಗುಂಪೊಂದು ಅವುಗಳ ಹಾಡಿನಿಂದಲೇ ಪತ್ತೆಯಾದದ್ದು 2021ರಲ್ಲಿ, ಬಾಂಬಿಗಾಗಿ ಇಟ್ಟ ಇವೇ ಕಿವಿಗಳಿಂದ.

ಹೀಗಿದ್ದೂ ಉತ್ತರ ಕೊರಿಯ ಒಂದಲ್ಲ, 2017ರ ಸೆಪ್ಟೆಂಬರಿನವರೆಗೆ ಆರು ಸಲ ಸಿಡಿಸಿತು. ಆರನ್ನೂ ಜಗತ್ತು ಕೇಳಿಸಿಕೊಂಡಿತು, ಒಂದನ್ನೂ ತಡೆಯಲಿಲ್ಲ. 187 ದೇಶಗಳು ಸಹಿ ಹಾಕಿದ ಒಪ್ಪಂದವನ್ನು ಅಮೆರಿಕ, ಚೀನ ಇನ್ನೂ ಸ್ಥಿರೀಕರಿಸಿಲ್ಲ. ಸ್ಥಿರೀಕರಿಸಿದ್ದ ರಷ್ಯ 2023ರ ನವೆಂಬರಿನಲ್ಲಿ ಹಿಂದೆಗೆದುಕೊಂಡಿತು. ನಾವೂ ಪಾಕಿಸ್ತಾನವೂ ಹೊರಗೇ ಇದ್ದೇವೆ. 1958ರಲ್ಲಿ ತಜ್ಞರು ಕಿವಿಯಿಲ್ಲವೆಂದು ಕೊರಗಿದರು. ಇಂದು ಕಿವಿಯಿದೆ, ಕೂತು ಮಾತನಾಡುವ ಜಗಲಿ ಇಲ್ಲ. ಕಲ್ಲು ಏನು ಮಾಡಿತು, ಅಜ್ಜಿ ಏನು ಮಾಡಿದರು, ಬೇರೆ ಬೇರೆಯಾಗಿ ನೆನಪಿಟ್ಟುಕೊ ಎಂದಿದ್ದ ಮೇಷ್ಟ್ರ ಮಾತು ಈಗ ನನಗೆ ತಿಳಿಯುತ್ತದೆ. ಬಾಂಬು ಸಿಡಿಯಿತೆಂದು ಯಾವ ಪಕ್ಷಕ್ಕೂ ಸೇರದೆ ಹೇಳುವುದು ವಿಜ್ಞಾನದ ಕೆಲಸ, ಅದನ್ನು ಅದು ಮಾಡಿದೆ. ಹೇಳಿದ್ದನ್ನು ತಲೆ ತಗ್ಗಿಸಿ ಒಪ್ಪಿಕೊಳ್ಳುವುದು, ಆಮೇಲೆ ನೀರು ಹಂಚಿಕೊಳ್ಳುವುದು ಮನುಷ್ಯರ ಕೆಲಸ.

ಮೇಷ್ಟ್ರು ಈಗಿಲ್ಲ. ಅಪ್ಪ, ದೊಡ್ಡಪ್ಪ, ದೊಡ್ಡಮ್ಮ ಯಾರೂ ಇಲ್ಲ. ಕೊಳವೆಬಾವಿಗಳು ಬಂದ ಮೇಲೆ ಆ ಎರಡು ಬಾವಿಗಳೂ ಬತ್ತಿ ಮುಳ್ಳು ತುಂಬಿವೆ. ಹೋದ ಸಂಕ್ರಾಂತಿಯಲ್ಲಿ ಅಲ್ಲಿಗೆ ಹೋದಾಗ ಬಾವಿಗಟ್ಟೆಯ ಮೇಲೆ ಮೊಮ್ಮಗಳು ಆಟಕ್ಕೆಂದು ಕಲ್ಲಿನ ಮೇಲೆ ಕಲ್ಲಿಡುತ್ತಿದ್ದಳು. ನಾನು ಅವಳಿಗೆ ಈ ಕಥೆಯನ್ನು ಹೇಳಿದೆ. ಹುಡುಗನ ಭಾಗವನ್ನೂ ಬಿಡದೆ ಹೇಳಿದೆ.

ನಮ್ಮ ಶಾಲೆಯ ಇಂದಿನ ಮಕ್ಕಳು ಕನ್ನಡದಲ್ಲಿಯೇ ವಿಜ್ಞಾನ ಓದಿ ನಮಗಿಂತ ದೂರ ಹೋಗಲಿ ಎಂಬುದು ನನ್ನ ಹಾರೈಕೆ. ಇಲ್ಲಿಯ ಉಪಾಧ್ಯಾಯ ಬಂಧುಗಳಲ್ಲಿ ಒಂದು ಪ್ರಾರ್ಥನೆ: ತರಗತಿಯಲ್ಲಿ ಒಂದು ಮಗು ಎದ್ದು ನಿಂತು ಇಕ್ಕಟ್ಟಿನ ಪ್ರಶ್ನೆ ಕೇಳಿದಾಗ, ಗೊತ್ತಿದ್ದಷ್ಟನ್ನು ಹೇಳಿರಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿರಿ. ಇನ್ನು, 1999ರಲ್ಲಿ ಪದವಿ ಮುಗಿಸಿ ಹೋದ ಆ ನನ್ನ ವಿದ್ಯಾರ್ಥಿಯ ಕೈಗೆ ಎಂದಾದರೂ ಈ ಸಂಚಿಕೆ ಬಿದ್ದರೆ, ಅಂದು ಸಭೆಯಲ್ಲಿ ನಿನ್ನ ಪ್ರಶ್ನೆ ಸರಿಯಾಗಿತ್ತಪ್ಪ, ತಪ್ಪಿದ್ದು ನನ್ನ ಉತ್ತರ. ಇಷ್ಟನ್ನು ಹೇಳಲು ನನಗೆ ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು.